ಖಡಕಿಯ ನಾಲ್ಕು ಬಾಗಿಲುಗಳು: ಎಲ್ಲರಿಗೂ ಚಿಕಿತ್ಸೆ, ಆದರೆ ದುಡ್ಡು ಯಾರದು?

ಪುಣೆಯ ಖಡಕಿ ಅಂದ ಕೂಡಲೇ ಇತಿಹಾಸ ಓದಿದವರಿಗೆ 1817ರ ನವೆಂಬರ್ 5ರ ಯುದ್ಧ ನೆನಪಾಗುತ್ತದೆ. ಪೇಶ್ವೆಯ ಸೈನ್ಯ ಸೋತ ಮೇಲೆ ಬ್ರಿಟಿಷರು ಇಲ್ಲಿ ದಂಡು ಹೂಡಿದರು. 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು. ಇದೇ ಊರಲ್ಲಿ ಓದಬೇಕಾದ ಇನ್ನೊಂದು ಇತಿಹಾಸವೂ ಇದೆ. ಕಾಯಿಲೆ ಬಿದ್ದವನನ್ನು ನೋಡಿಕೊಳ್ಳುವವರು ಯಾರು, ಅದರ ಖರ್ಚು ಯಾರ ತಲೆ ಮೇಲೆ ಅನ್ನುವ ಇತಿಹಾಸ.

ಇಲ್ಲಿ ಆಸ್ಪತ್ರೆಗೆ ನಾಲ್ಕು ಬಾಗಿಲುಗಳಿವೆ. ಸೈನಿಕನಿಗೆ ಮಿಲಿಟರಿ ಆಸ್ಪತ್ರೆ. ಅದರ ಖರ್ಚು ದೇಶದ ರಕ್ಷಣಾ ಬಜೆಟ್ಟಿನದು. ಸರ್ಕಾರಿ ಕಾರ್ಖಾನೆಯ ನೌಕರನಿಗೆ ಸರ್ಕಾರದ ಬೇರೆ ವ್ಯವಸ್ಥೆ. ಪಕ್ಕದ ಪಿಂಪ್ರಿ-ಚಿಂಚವಡದ ಖಾಸಗಿ ಕಾರ್ಖಾನೆಯಲ್ಲಿ ದುಡಿಯುವವನಿಗೆ ಇಎಸ್‌ಐ. ಉಳಿದವರಿಗೆ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಹೆಸರಿನ ದಂಡು ಮಂಡಳಿಯ ಆಸ್ಪತ್ರೆ, ಇಲ್ಲವೇ ಸ್ವಂತ ಜೇಬು. ಕಲಬುರಗಿ, ವಿಜಯಪುರ ಕಡೆಯಿಂದ ಪುಣೆಗೆ ಬಂದು ಗಾರೆ ಕೆಲಸ ಮಾಡುವ ನಮ್ಮವರೂ ಈ ಉಳಿದವರಲ್ಲೇ ಸೇರುತ್ತಾರೆ. ಜ್ವರ ಎಲ್ಲರಿಗೂ ಒಂದೇ ತರಹ ಬರುತ್ತೆ. ಆದರೆ ಯಾವ ಬಾಗಿಲು ಅನ್ನೋದು ‘ನೀನು ಯಾರ ನೌಕರ?’ ಎಂಬುದರ ಮೇಲೆ ನಿಂತಿದೆ.

ಹೀಗಾಗಲು ಕಾರಣವೇನು? ಉತ್ತರ 1943ರಲ್ಲಿದೆ. ಆ ವರ್ಷ ಬ್ರಿಟಿಷ್ ಭಾರತ ಸರ್ಕಾರ ಎರಡು ಕೆಲಸಗಳಿಗೆ ಕೈ ಹಾಕಿತು. ಕಾರ್ಮಿಕರ ಆರೋಗ್ಯ ವಿಮೆಗೆ ಯೋಜನೆ ಬರೆಯಲು ಪ್ರೊ. ಬಿ.ಪಿ. ಅಡಾರ್ಕರ್ ಅವರಿಗೆ ಹೇಳಿತು. ಇಡೀ ದೇಶದ ಆರೋಗ್ಯ ಸ್ಥಿತಿ ನೋಡಲು ಸರ್ ಜೋಸೆಫ್ ಭೋರ್ ಸಮಿತಿ ನೇಮಿಸಿತು.

ಅಡಾರ್ಕರ್ ದಾರಿ ವಂತಿಗೆಯದು. ಮಾಲೀಕನೂ ಕಾರ್ಮಿಕನೂ ಸೇರಿ ನಿಧಿ ಕಟ್ಟಬೇಕು. ಅದರಿಂದಲೇ 1948ರ ಇಎಸ್‌ಐ ಕಾಯ್ದೆ ಹುಟ್ಟಿತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಜಾರಿಗೆ ಬಂತು. 2019ರಿಂದ ಸಂಬಳದ ಮೇಲೆ ಮಾಲೀಕನ ಪಾಲು ಶೇ. 3.25, ಕಾರ್ಮಿಕನ ಪಾಲು ಶೇ. 0.75. ಒಳ್ಳೆಯ ವ್ಯವಸ್ಥೆಯೇ. ಆದರೆ ಸಂಬಳದ ಚೀಟಿ ಇಲ್ಲದವನು ಇದರೊಳಗೆ ಬರುವುದು ಹೇಗೆ?

ಭೋರ್ ಸಮಿತಿ 1946ರಲ್ಲಿ ಕೊಟ್ಟ ಉತ್ತರ ಬೇರೆ. ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು. ಬಡವರೇ ಹೆಚ್ಚಿರುವ ದೇಶದಲ್ಲಿ ಆ ಹೊಣೆ ಸರ್ಕಾರದ್ದಾಗಬೇಕು ಅಂತ. ಬ್ರಿಟನ್ 1948ರ ಜುಲೈ 5ರಂದು ಮುಖ್ಯವಾಗಿ ತೆರಿಗೆ ಹಣದಿಂದಲೇ ಎಲ್ಲರಿಗೂ ಉಚಿತ ಆರೋಗ್ಯ ಸೇವೆ ಶುರು ಮಾಡಿತು. ನಮ್ಮಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳೇನೋ ಬಂದವು, ಬೇಕಾದಷ್ಟು ಹಣ ಬರಲಿಲ್ಲ.

ಕರ್ನಾಟಕ 2003ರಲ್ಲಿ ಮೂರನೇ ದಾರಿ ಹಿಡಿಯಿತು. ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ. ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಶಸ್ತ್ರಚಿಕಿತ್ಸೆಗೆ ಹೆದರಿ ಮನೆಯಲ್ಲೇ ನರಳುತ್ತಿದ್ದವರಿಗೆ ಅದು ದೊಡ್ಡ ಆಸರೆ. ಆದರೂ ಎರಡು ಮಾತು ಗಮನಿಸಬೇಕು. ರೈತರ ವಂತಿಗೆಯೊಂದೇ ಸಾಲದೆ ಸರ್ಕಾರವೂ ಹಣ ಕೊಡಬೇಕಾಯಿತು. ಮತ್ತೆ, ಯೋಜನೆಯ ಒತ್ತು ಶಸ್ತ್ರಚಿಕಿತ್ಸೆಯ ಮೇಲಿತ್ತು. ದಿನನಿತ್ಯದ ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳ ಖರ್ಚು ಮನೆಯವರ ಮೇಲೇ ಉಳಿಯಿತು.

ಇನ್ನು ನಮ್ಮ ಪರಂಪರೆ ಏನು ಹೇಳುತ್ತದೆ? 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಬಡವ-ಶ್ರೀಮಂತ, ಗಂಡಸು-ಹೆಂಗಸು ಎಲ್ಲರಿಗೂ ಚಿಕಿತ್ಸೆ ಇತ್ತು. ಅದನ್ನು ನಡೆಸಿದ್ದು ವಕ್ಫ್ ಆಸ್ತಿಯ ಆದಾಯ. ಬೆಂಗಳೂರಿನ ದಂಡಿನಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ದಾನದಿಂದ ಎದ್ದ ಘೋಷಾ ಆಸ್ಪತ್ರೆ ಇವತ್ತಿಗೂ ಶಿವಾಜಿನಗರದ ತಾಯಂದಿರಿಗೆ ಆಸರೆಯಾಗಿದೆ. ಈಗ ಅದನ್ನು ನಡೆಸುತ್ತಿರುವುದು ಸರ್ಕಾರ.

ಕೈರೋದ ಆ ಆಸ್ಪತ್ರೆಯಿಂದ ಕಲಿಯಬೇಕಾದ್ದು ಬರೀ ದಾನಗುಣವಲ್ಲ. ರೋಗಿ ಬರುವ ಮೊದಲೇ ಹಣ ಸಿದ್ಧವಿತ್ತು ಅನ್ನೋದು. ಇವತ್ತು ನಾವು ಮಾಡ್ತಿರೋದು ಇದಕ್ಕೆ ಉಲ್ಟಾ. ಯಾರಿಗೋ ಆಪರೇಷನ್ ಅಂದ ಮೇಲೆ ವಾಟ್ಸಾಪ್‌ನಲ್ಲಿ ರಿಪೋರ್ಟು, ಫೋಟೋ ಹಾಕಿ ಝಕಾತ್ ಕೇಳುತ್ತೇವೆ. ಪರಿಚಯ ಇದ್ದವನಿಗೆ ಹಣ ಸಿಗುತ್ತೆ, ಇಲ್ಲದವನು ಸಾಲ ಮಾಡುತ್ತಾನೆ. ಝಕಾತ್ ಯಾರಿಗೆ ಸಲ್ಲಬೇಕು ಎಂಬುದಕ್ಕೆ ಕುರ್‌ಆನ್ ಎಂಟು ವರ್ಗಗಳನ್ನು ಹೇಳಿದೆ. ಇಡೀ ಊರಿನ ಆಸ್ಪತ್ರೆ ಖರ್ಚನ್ನು ಅದರ ಮೇಲೆ ಹೇರುವುದು ನ್ಯಾಯವಲ್ಲ.

ಕೇಂದ್ರ ಸರ್ಕಾರದ ಲೆಕ್ಕದಂತೆ, 2013-14ರಲ್ಲಿ ದೇಶದ ಆರೋಗ್ಯ ವೆಚ್ಚದಲ್ಲಿ ಜನರ ಜೇಬಿನಿಂದ ನೇರವಾಗಿ ಹೋದದ್ದು ಶೇ. 64.2. 2021-22ರಲ್ಲಿ ಅದು ಶೇ. 39.4ಕ್ಕೆ ಇಳಿಯಿತು. ಇದು ಸಮಾಧಾನದ ಮಾತೇ. ಆದರೆ ಅದೇ ವರ್ಷ ಸರ್ಕಾರಗಳು ಆರೋಗ್ಯಕ್ಕೆ ಮಾಡಿದ ಖರ್ಚು ಜಿಡಿಪಿಯ ಶೇ. 1.84 ಮಾತ್ರ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ವೇಳೆಗೆ ಶೇ. 2.5 ಮುಟ್ಟಬೇಕು ಎಂದಿತ್ತು.

ತೆರಿಗೆ ಏರಿದರೆ ಭಾರ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಭಾರ ಈಗಲೂ ಇದೆ. ಈಗ ಅದು ಕಾಯಿಲೆ ಬಿದ್ದವನೊಬ್ಬನ ಹೆಗಲ ಮೇಲಿದೆ, ಅಷ್ಟೇ. ವಂತಿಗೆ, ವಕ್ಫ್, ಝಕಾತ್ ಎಲ್ಲವೂ ಜೊತೆಗಿರಲಿ. ಬುನಾದಿ ಮಾತ್ರ ತೆರಿಗೆಯದಾಗಿರಬೇಕು, ಯಾಕಂದರೆ ಅದೊಂದೇ ‘ನೀನು ಯಾರ ನೌಕರ?’ ಅಂತ ಕೇಳುವುದಿಲ್ಲ. ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವನೂ ತೆರಿಗೆ ಕಟ್ಟುತ್ತಾನೆ. ವಿದ್ಯಾರ್ಥಿಗಳು ತಮ್ಮ ಊರಿನ ಆಸ್ಪತ್ರೆಯನ್ನೂ ಇದೇ ಕಣ್ಣಿನಿಂದ ನೋಡಲಿ. ಅದನ್ನು ಯಾರು ಕಟ್ಟಿಸಿದರು, ಯಾರ ಹಣದಲ್ಲಿ ನಡೆಯುತ್ತಿದೆ, ಬಾಗಿಲ ಹೊರಗೆ ಉಳಿದವರು ಯಾರು? ಈ ಮೂರು ಪ್ರಶ್ನೆ ಕೇಳಿದರೆ ಸಾಕು, ನಮ್ಮ ಬೇಡಿಕೆ ಯಾರ ಮುಂದೆ ಇಡಬೇಕು ಅನ್ನೋದು ತಾನಾಗಿಯೇ ತಿಳಿಯುತ್ತದೆ.