ವಿದ್ಯುತ್ಪ್ರವಾಹವೂ ತಂತಿಯ ಶಾಖವೂ

ಕ್ರಿ. ಶ. 1902ನೆಯ ಇಸವಿಯ ಜೂನ್ ತಿಂಗಳಲ್ಲಿ, ಕಾವೇರೀ ನದಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ನಡುವಣ ಮಾರ್ಗವು ಸುಮಾರು 92 ಮೈಲಿ. ಅಷ್ಟು ದೂರ ವಿದ್ಯುತ್ತನ್ನು ಸಾಗಿಸುವುದು ಆ ಕಾಲಕ್ಕೆ ಪ್ರಪಂಚದಲ್ಲಿಯೇ ವಿರಳವಾದ ಸಾಹಸವಾಗಿದ್ದಿತು. ಈ ಕಾರ್ಯವನ್ನು ಕೈಗೊಂಡ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರು 1901ರಲ್ಲಿಯೇ ದಿವಂಗತರಾದುದರಿಂದ ಅದರ ಫಲವನ್ನು ಕಣ್ಣಾರೆ ಕಾಣಲಿಲ್ಲ. ಆ ಮಾರ್ಗದಲ್ಲಿ ವಿದ್ಯುತ್ತಿನ ಒತ್ತಡವನ್ನು ಸುಮಾರು 35,000 ವೋಲ್ಟುಗಳವರೆಗೆ ಏರಿಸಿದ್ದರು. ಮುಟ್ಟಿದವನ ಪ್ರಾಣವನ್ನು ಕ್ಷಣಮಾತ್ರದಲ್ಲಿ ಹರಿಸಬಲ್ಲ ಇಂತಹ ಒತ್ತಡವು ಏತಕ್ಕೆ ಬೇಕಾಯಿತು? ಕಡಮೆ ಒತ್ತಡದಲ್ಲಿ ಸಾಗಿಸಿದ್ದರೆ ಆಗುತ್ತಿರಲಿಲ್ಲವೆ? ಈ ಪ್ರಶ್ನೆಗೆ ಉತ್ತರವು ಅದಕ್ಕೆ ಅರುವತ್ತು ವರುಷಗಳ ಹಿಂದೆಯೇ ಸಿದ್ಧವಾಗಿದ್ದಿತು. ಅದನ್ನು ಸಿದ್ಧಪಡಿಸಿದವರು ಇಬ್ಬರು. ಒಬ್ಬನು ಶಾಲೆಯ ಉಪಾಧ್ಯಾಯನು. ಮತ್ತೊಬ್ಬನು ಬೀರು ತಯಾರಿಸುವ ಕಾರ್ಖಾನೆಯ ಒಡೆಯನ ಮಗನು.

ಇಟಲಿಯ ವೋಲ್ಟನು 1800ರಲ್ಲಿ ವಿದ್ಯುತ್ಕೋಶವನ್ನು ಪ್ರಕಟಿಸಿದಂದಿನಿಂದ ಎಡೆಬಿಡದೆ ಹರಿಯುವ ಪ್ರವಾಹವು ಪಂಡಿತರ ಕೈಗೆ ಸಿಕ್ಕಿತು. ತಂತಿಯಲ್ಲಿ ಪ್ರವಾಹವು ಹರಿದಾಗ ಹತ್ತಿರದ ಅಯಸ್ಕಾಂತದ ಸೂಜಿಯು ತಿರುಗುವುದೆಂದು 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ಡನು ತೋರಿಸಿದನು. ಇದರಿಂದ ಪ್ರವಾಹವನ್ನು ಅಳೆಯಲು ಒಂದು ಸಾಧನವು ದೊರೆತಂತಾಯಿತು. ತಂತಿಯು ಉದ್ದವಾದಷ್ಟೂ, ತೆಳುವಾದಷ್ಟೂ, ಬಿಸಿಯಾದಷ್ಟೂ ವಿದ್ಯುತ್ತು ಅದರಲ್ಲಿ ಹರಿಯುವುದು ಕಷ್ಟವೆಂದು 1821ರಲ್ಲಿ ಆಂಗ್ಲ ವಿದ್ವಾಂಸನಾದ ಡೇವಿಯು ಕಂಡನು. ಆದರೆ ಇವೆಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸುವವನು ಇನ್ನೂ ಬರಬೇಕಾಗಿದ್ದಿತು.

ಗೆಯಾರ್ಗ್ ಸೈಮನ್ ಓಮನು 1789ರಲ್ಲಿ ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಬೀಗ ಮಾಡುವ ಕಮ್ಮಾರನು. ಆತನು ಶಾಲೆಯಲ್ಲಿ ಕಲಿತವನಲ್ಲದಿದ್ದರೂ ಸ್ವಪ್ರಯತ್ನದಿಂದ ಗಣಿತವನ್ನು ಸಾಧಿಸಿ ಮಕ್ಕಳಿಗೆ ತಾನೇ ಹೇಳಿಕೊಟ್ಟನು. ತಾಯಿಯು ಓಮನ ಹತ್ತನೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಹಲವು ಊರುಗಳಲ್ಲಿ ಪಾಠ ಹೇಳಿ ಜೀವಿಸಿದ ಓಮನು 1817ರಲ್ಲಿ ಕೊಲೋನ್ ನಗರದ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳ ಉಪಾಧ್ಯಾಯನಾದನು. ಆ ಶಾಲೆಯಲ್ಲಿ ಒಳ್ಳೆಯ ಪ್ರಯೋಗಶಾಲೆಯಿದ್ದಿತು. ಪಾಠದ ಹೊತ್ತು ಕಳೆದ ಮೇಲೆ ಅಲ್ಲಿಯೇ ಅವನ ಸಂಶೋಧನೆಯು ನಡೆಯಿತು.

ಮೊದಲಿಗೆ ಒಂದು ವಿಘ್ನವು ಎದುರಾಯಿತು. ವೋಲ್ಟನ ಕೋಶದ ಬಲವು ಕ್ಷಣಕ್ಷಣಕ್ಕೂ ಕುಂದುತ್ತಿದ್ದಿತು. ಕಾರಣವೇ ಸ್ಥಿರವಾಗಿಲ್ಲದಿದ್ದರೆ ಕಾರ್ಯವನ್ನು ಅಳೆಯುವುದೆಂತು? ಆಗ ಪೊಗೆಂಡಾರ್ಫನೆಂಬ ಪತ್ರಿಕಾಸಂಪಾದಕನು ಓಮನಿಗೆ ಬೇರೊಂದು ದಾರಿಯನ್ನು ಸೂಚಿಸಿದನು. ಎರಡು ಬಗೆಯ ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿಯೂ ಮತ್ತೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿದರೆ ಸ್ಥಿರವಾದ ವಿದ್ಯುದ್ಬಲವು ಹುಟ್ಟುವುದು. ಓಮನು ಬಿಸ್ಮತ್ತು ಮತ್ತು ತಾಮ್ರಗಳಿಂದ ಇಂತಹ ಜೋಡಿಯನ್ನು ಮಾಡಿ, ಒಂದೇ ದಪ್ಪದ, ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದಾದ ಮೇಲೊಂದರಂತೆ ಸೇರಿಸಿ, ಸೂಜಿಯು ಎಷ್ಟು ತಿರುಗುವುದೆಂದು ಅಳೆದನು. ತರ್ಕಶಾಸ್ತ್ರದ ಅನ್ವಯವ್ಯತಿರೇಕಗಳು ಇಲ್ಲಿ ಪ್ರಯೋಗರೂಪವನ್ನು ತಾಳಿದುವು: ಮಿಕ್ಕೆಲ್ಲವನ್ನೂ ಸ್ಥಿರವಾಗಿರಿಸಿ ಒಂದನ್ನು ಮಾತ್ರ ಬದಲಿಸುವುದು.

1826ರಲ್ಲಿ ಪ್ರಕಟವಾದ ಆ ಫಲವನ್ನು ಇಂದಿನ ಮಾತಿನಲ್ಲಿ ಹೀಗೆ ಹೇಳಬಹುದು: ಒತ್ತಡವನ್ನು ತಂತಿಯ ಪ್ರತಿರೋಧದಿಂದ ಭಾಗಿಸಿದರೆ ಪ್ರವಾಹವು ಬರುತ್ತದೆ. ಒತ್ತಡವು ಇಮ್ಮಡಿಯಾದರೆ ಪ್ರವಾಹವೂ ಇಮ್ಮಡಿ. ಪ್ರತಿರೋಧವು ಇಮ್ಮಡಿಯಾದರೆ ಪ್ರವಾಹವು ಅರ್ಧ. ಕೆರೆಯ ನೀರಿನ ಎತ್ತರವು ಹೆಚ್ಚಿದರೆ ತೂಬಿನಿಂದ ಹೆಚ್ಚು ನೀರು ಹರಿಯುವುದು. ತೂಬು ಕಿರಿದಾದರೆ ಕಡಮೆ ಹರಿಯುವುದು. ಉಪಮಾನವು ಪೂರ್ಣವಲ್ಲದಿದ್ದರೂ ಬಾಲಕರ ಬುದ್ಧಿಗೆ ಊರುಗೋಲಾಗಬಲ್ಲದು. ಈ ನಿಯಮವು ಎಲ್ಲ ವಸ್ತುಗಳಿಗೂ ಅನ್ವಯಿಸುವುದಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ಲೋಹದ ತಂತಿಯ ಶಾಖವು ಬದಲಾಗದಿರುವವರೆಗೆ ಮಾತ್ರ ಅದು ನಿಷ್ಕೃಷ್ಟವಾಗಿ ಸಲ್ಲುವುದು.

ಓಮನು ಅರ್ಧ ಸಂಬಳದ ಮೇಲೆ ರಜೆಯನ್ನು ಪಡೆದು, ಬರ್ಲಿನ್ನಿಗೆ ಹೋಗಿ, 1827ರಲ್ಲಿ ತನ್ನ ಸಿದ್ಧಾಂತವನ್ನು ಗಣಿತಸಹಿತವಾಗಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಇದರಿಂದ ವಿಶ್ವವಿದ್ಯಾನಿಲಯದಲ್ಲಿ ಒಂದು ಸ್ಥಾನವು ದೊರೆತೀತೆಂಬುದು ಅವನ ಆಶೆ. ಆದರೆ ಭೌತಶಾಸ್ತ್ರದಲ್ಲಿ ಅಷ್ಟೊಂದು ಗಣಿತವನ್ನು ಕಂಡು ಅಂದಿನ ಅನೇಕ ವಿದ್ವಾಂಸರು ಗ್ರಂಥವನ್ನು ಆದರಿಸಲಿಲ್ಲ. ಮನನೊಂದ ಓಮನು ಕೊಲೋನಿನ ಕೆಲಸಕ್ಕೆ ರಾಜೀನಾಮೆಯನ್ನಿತ್ತು, ಕೆಲವು ವರುಷ ಬರ್ಲಿನ್ನಿನಲ್ಲಿ ಪಾಠ ಹೇಳಿ ಕಾಲ ನೂಕಿದನು. 1833ರಲ್ಲಿ ನ್ಯೂರೆಂಬರ್ಗಿನ ಶಿಲ್ಪವಿದ್ಯಾಶಾಲೆಯಲ್ಲಿ ಉದ್ಯೋಗವು ದೊರೆಯಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕೋಪ್ಲಿ ಪದಕವನ್ನಿತ್ತು ಅವನನ್ನು ಗೌರವಿಸಿತು. ಬಹುಕಾಲದಿಂದ ಬಯಸಿದ ಭೌತಶಾಸ್ತ್ರದ ಪ್ರಾಧ್ಯಾಪಕ ಪದವಿಯು ಮ್ಯೂನಿಕ್ಕಿನಲ್ಲಿ ಅವನಿಗೆ ಲಭಿಸಿದುದು 1852ರಲ್ಲಿ, ಅರುವತ್ತು ಮೂರನೆಯ ವಯಸ್ಸಿನಲ್ಲಿ. ಅದಾದ ಎರಡು ವರುಷಗಳಲ್ಲಿ ಅವನು ಗತಿಸಿದನು.

ಪ್ರವಾಹದ ಪ್ರಮಾಣವು ತಿಳಿಯಿತು. ಶಾಖದ ಪ್ರಮಾಣವು ಉಳಿದಿದ್ದಿತು. ಅದನ್ನು ಕಂಡುಹಿಡಿದವನು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಸಮೀಪದ ಸಾಲ್ಫರ್ಡಿನ ಜೇಮ್ಸ್ ಜೂಲನು. ಮನೆತನದ ಕಾರ್ಖಾನೆಯಲ್ಲಿ ಹಬೆಯ ಯಂತ್ರಕ್ಕೆ ಬದಲಾಗಿ ವಿದ್ಯುದ್ಯಂತ್ರವನ್ನು ಉಪಯೋಗಿಸಬಹುದೇ ಎಂದು ಯೋಚಿಸುತ್ತಿದ್ದ ಈ ತರುಣನು, 1840ರಲ್ಲಿ ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಪ್ರವಾಹವನ್ನು ಹರಿಸಿ, ನೀರಿನ ಶಾಖವು ಎಷ್ಟು ಏರುವುದೆಂದು ನೋಡಿದನು. ಪ್ರವಾಹವು ಇಮ್ಮಡಿಯಾದಾಗ ಶಾಖವು ಇಮ್ಮಡಿಯಾಗದೆ ನಾಲ್ಕು ಮಡಿಯಾಯಿತು. ಮುಮ್ಮಡಿಯಾದಾಗ ಒಂಬತ್ತು ಮಡಿಯಾಯಿತು. ಪ್ರವಾಹದ ವರ್ಗವನ್ನು ಪ್ರತಿರೋಧದಿಂದ ಗುಣಿಸಿದಷ್ಟಕ್ಕೆ ಅನುಗುಣವಾಗಿ ಶಾಖವು ಹುಟ್ಟುವುದೆಂದು ಅವನು ನಿರ್ಣಯಿಸಿದನು. ರಾಯಲ್ ಸೊಸೈಟಿಯು ಆ ಲೇಖನದ ಸಾರಾಂಶವನ್ನು ಮಾತ್ರ ಅಚ್ಚು ಹಾಕಿಸಿತು. ಪೂರ್ಣ ಲೇಖನವು 1841ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಬೆಳಕು ಕಂಡಿತು. ತಂತಿಯಲ್ಲಿ ಚಲಿಸುವ ಎಲೆಕ್ಟ್ರಾನುಗಳು ಕಂಪಿಸುತ್ತಿರುವ ಲೋಹದ ಪರಮಾಣುಗಳಿಗೆ ತಾಕಿ, ತಮ್ಮ ಶಕ್ತಿಯನ್ನು ಒಪ್ಪಿಸುವುದರಿಂದ ಶಾಖವು ಹುಟ್ಟುವುದೆಂಬ ವಿವರಣೆಯು ಬಹುಕಾಲದ ಮೇಲೆ ಬಂದಿತು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಶಂಕೆಯು ಸಹಜ. ಪ್ರತಿರೋಧವು ಹೆಚ್ಚಿದರೆ ಶಾಖವು ಹೆಚ್ಚುವುದೋ, ಕಡಮೆಯಾಗುವುದೋ? ಯಾವುದು ಸ್ಥಿರವೆಂಬುದನ್ನು ಮೊದಲು ಕೇಳಬೇಕು. ನೀರು ಕಾಯಿಸುವ ಸುರುಳಿಯ ಪ್ರತಿರೋಧವು 46 ಓಮ್, ಅದಕ್ಕೆ ಸೇರಿದ ತಂತಿಯ ಪ್ರತಿರೋಧವು ಓಮಿನ ಹತ್ತನೆಯ ಒಂದು ಭಾಗವೆಂದು ಭಾವಿಸಿ. 230 ವೋಲ್ಟುಗಳ ಒತ್ತಡದಲ್ಲಿ ಎರಡರಲ್ಲಿಯೂ ಹರಿಯುವ ಪ್ರವಾಹವು ಒಂದೇ, ಸುಮಾರು 5 ಆಂಪಿಯರ್. ಆದುದರಿಂದ ಸುರುಳಿಯಲ್ಲಿ ಸುಮಾರು 1,150 ವಾಟ್ ಶಾಖವು ಹುಟ್ಟಿದರೆ ತಂತಿಯಲ್ಲಿ ಹುಟ್ಟುವುದು ಎರಡೂವರೆ ವಾಟ್ ಮಾತ್ರ. ಪ್ರವಾಹವು ಸ್ಥಿರವಾದಲ್ಲಿ ಹೆಚ್ಚು ಪ್ರತಿರೋಧಕ್ಕೆ ಹೆಚ್ಚು ಶಾಖ. ಆದರೆ ಎರಡು ತಂತಿಗಳು ಸುರುಳಿಯನ್ನು ಮುಟ್ಟುವ ಮೊದಲೇ ಒಂದಕ್ಕೊಂದು ತಾಕಿದರೆ, ಒತ್ತಡವು ಇದ್ದಂತೆಯೇ ಇದ್ದು ಪ್ರತಿರೋಧವು ಅತ್ಯಲ್ಪವಾಗುವುದು. ಆಗ ಪ್ರವಾಹವು ಪ್ರಳಯದಂತೆ ಏರಿ ಮನೆಗೆ ಬೆಂಕಿ ಬೀಳಬಹುದು. ಫ್ಯೂಸಿನ ತೆಳುತಂತಿಯು ತಾನು ಮೊದಲು ಕರಗಿ ಪ್ರವಾಹವನ್ನು ಕಡಿದು ಮನೆಯನ್ನು ಕಾಯುವುದೂ ಜೂಲನ ನಿಯಮದಿಂದಲೇ. ದೇಹಲೀದೀಪನ್ಯಾಯದಂತೆ ಒಂದೇ ನಿಯಮವು ಒಳಗೂ ಹೊರಗೂ ಬೆಳಕನ್ನು ಬೀರುತ್ತದೆ.

ಇನ್ನು ಶಿವನಸಮುದ್ರದ ಪ್ರಶ್ನೆಗೆ ಉತ್ತರವು ಸುಲಭ. ಶಕ್ತಿಯು ಒತ್ತಡ ಮತ್ತು ಪ್ರವಾಹಗಳ ಗುಣಲಬ್ಧ. ಅದೇ ಶಕ್ತಿಯನ್ನು ಅವೇ ತಂತಿಗಳಲ್ಲಿ 35,000ಕ್ಕೆ ಬದಲಾಗಿ 3,500 ವೋಲ್ಟುಗಳಲ್ಲಿ ಸಾಗಿಸಲು ಹೊರಟರೆ ಪ್ರವಾಹವು ಹತ್ತು ಮಡಿಯಾಗಬೇಕು. ದಾರಿಯಲ್ಲಿ ಶಾಖವಾಗಿ ಹೋಗುವ ನಷ್ಟವು ನೂರು ಮಡಿಯಾಗುವುದು. ಕಾವೇರಿಯ ಬಲವು ಗಣಿಯನ್ನು ಸೇರದೆ 92 ಮೈಲಿಯ ಗಾಳಿಯನ್ನು ಬಿಸಿಮಾಡುವುದರಲ್ಲಿಯೇ ಸವೆದು ಹೋಗುತ್ತಿದ್ದಿತು.

1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ಪಂಡಿತರ ಅಂತರರಾಷ್ಟ್ರೀಯ ಸಭೆಯು ಪ್ರತಿರೋಧದ ಮಾನಕ್ಕೆ ಓಮನ ಹೆಸರನ್ನೇ ಅಂಗೀಕರಿಸಿತು. ಮುಂದೆ ಶಕ್ತಿಯ ಮಾನಕ್ಕೆ ಜೂಲನ ಹೆಸರು ಸಂದಿತು. ಅರ್ಧ ಸಂಬಳದಲ್ಲಿ ಗ್ರಂಥವನ್ನು ಬರೆದು ಅನಾದರಕ್ಕೆ ಗುರಿಯಾದ ಆ ಉಪಾಧ್ಯಾಯನ ಹೆಸರನ್ನು ಇಂದು ಲೋಕದ ಎಲ್ಲ ಪಾಠಶಾಲೆಗಳಲ್ಲಿಯೂ ಬಾಲಕರು ಉಚ್ಚರಿಸುತ್ತಾರೆ. ಉಚ್ಚರಿಸುವಾಗ ಅದು ಒಬ್ಬ ಮನುಷ್ಯನ ಹೆಸರೆಂದೂ, ಅವನು ಅವರ ಗುರುಗಳಂತೆಯೇ ಕಪ್ಪು ಹಲಗೆಯ ಮುಂದೆ ನಿಂತು ಪಾಠ ಹೇಳಿದವನೆಂದೂ ಅವರಿಗೆ ತಿಳಿಸುವುದು ಉಚಿತವಾದುದು.