ಬೇಡಿಕೆಯಿಂದ ದಾಸೋಹಕ್ಕೆ: ತುಮಕೂರು ಸೀಮೆಯ ದೇಗುಲಗಳ ಹನ್ನೆರಡು ಶತಮಾನ

ತುಮಕೂರಿನ ಉತ್ತರದ ಅಂಚಿನಲ್ಲಿರುವ ಅಂತರಸನಹಳ್ಳಿ ಇಂದು ತರಕಾರಿ ಮಾರುಕಟ್ಟೆಗೆ, ಕೈಗಾರಿಕಾ ಪ್ರದೇಶಕ್ಕೆ ಹೆಸರಾದ ಊರು. ಇಲ್ಲಿಂದ ಶಿರಾ ಕಡೆಗೆ ಹೋದರೆ ಸೀಬಿ, ನಗರ ದಾಟಿ ಕುಣಿಗಲ್ ರಸ್ತೆ ಹಿಡಿದರೆ ಗೂಳೂರು ಮತ್ತು ಕೈದಾಳ, ಪಶ್ಚಿಮಕ್ಕೆ ಹೊರಳಿದರೆ ಗುಬ್ಬಿ. ದೇವಸ್ಥಾನ ಮನುಷ್ಯನ ಒಳಬದುಕಿಗೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳು ಈ ಸೀಮೆಯಲ್ಲಿ ಅಕ್ಕಪಕ್ಕದಲ್ಲೇ ಉಳಿದಿವೆ.

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ತಾಮ್ರಶಾಸನದಿಂದ ಆರಂಭಿಸಬಹುದು. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಆಳ್ವಿಕೆಯ, 812ರ ಸುಮಾರಿನ ದಾನಪತ್ರ ಅದು. ಕುನುಂಗಿಲ್, ಅಂದರೆ ಇಂದಿನ ಕುಣಿಗಲ್ ನಾಡನ್ನು ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಪೀಡೆ ಇತ್ತು. ಜೈನಮುನಿ ಅರ್ಕಕೀರ್ತಿ ಅದನ್ನು ನಿವಾರಿಸಿದ. ಅದಕ್ಕಾಗಿ ಜಿನಾಲಯಕ್ಕೆ ಗ್ರಾಮವೊಂದು ದತ್ತಿಯಾಯಿತು. ಶನಿವಾರ ಎಳ್ಳೆಣ್ಣೆ ದೀಪ ಹಚ್ಚಲು ನಿಲ್ಲುವ ಇಂದಿನ ಭಕ್ತರಿಗೆ ವಿಮಲಾದಿತ್ಯ ದೂರದವನಲ್ಲ. ಕಷ್ಟ ಬಂದಾಗ ದೇವರ ಬಾಗಿಲಿಗೆ ಹೋಗುವುದು ಹೊಸ ಕಾಲದ ಸ್ವಾರ್ಥವೆಂದು ಹೀಗಳೆಯುವವರು ಈ ಶಾಸನವನ್ನು ನೆನೆಯಬೇಕು. ಆದರೆ ಅರಸನ ಸಂಕಟ ಅವನೊಬ್ಬನ ನೆಮ್ಮದಿಯಲ್ಲಿ ಮುಗಿಯದೆ ಊರಿನ ದತ್ತಿಯಾಗಿ ಹೊರಬಂತು. ಬೇಡಲು ಬಂದವನನ್ನು ಕೊಡುವವನನ್ನಾಗಿ ಮಾಡಿ ಕಳಿಸುವುದೇ ದೇಗುಲದ ಹಿರಿಯ ಕೆಲಸ ಎಂದು ನಾನು ನಂಬಿದ್ದೇನೆ.

ಹೊಯ್ಸಳರ ಕಾಲಕ್ಕೆ ಈ ಕೊಡುವಿಕೆ ಒಂದು ವ್ಯವಸ್ಥೆಯೇ ಆಯಿತು. ಆಗಿನ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಬಾಬತ್ತುಗಳು ಹೀಗಿವೆ: ದೇವರ ಅಂಗಭೋಗ, ರಂಗಭೋಗ, ನಂದಾದೀಪ, ಖಂಡಸ್ಫುಟಿತ ಜೀರ್ಣೋದ್ಧಾರ, ತಪೋಧನರ ಆಹಾರದಾನ. ಮೂರ್ತಿಯ ಅಲಂಕಾರ, ಕುಣಿತ, ಬೆಳಕು, ಕಟ್ಟಡದ ದುರಸ್ತಿ, ಊಟ ಎಲ್ಲವೂ ಪೂಜೆಯೇ. ಕೈದಾಳದಲ್ಲಿ 1150ರ ಸುಮಾರಿಗೆ ಸಾಮಂತ ಗೂಳಿಬಾಚಿ ಗಂಗಾಧರೇಶ್ವರನನ್ನೂ ಚನ್ನಕೇಶವನನ್ನೂ ನೆಲೆಗೊಳಿಸಿದ, ಬಸದಿಯನ್ನೂ ಕಟ್ಟಿಸಿದ. ಹಲವು ಮತಗಳನ್ನು ಒಬ್ಬನೇ ಪೊರೆಯುವುದು ಆಗ ಹಿರಿಮೆಯ ಮಾತಾಗಿತ್ತು. ಇದೇ ಕೈದಾಳಕ್ಕೆ ಜನ ಜಕಣಾಚಾರಿಯ ಕತೆಯನ್ನೂ ಕಟ್ಟಿದ್ದಾರೆ: ತನ್ನ ಕೆಲಸದಲ್ಲಿ ಕುಂದಿಲ್ಲವೆಂದು ಬೀಗಿ ಸೋತು ಕೈ ಕಡಿದುಕೊಂಡ ಶಿಲ್ಪಿ, ಇಲ್ಲಿ ಕೇಶವನನ್ನು ಕಡೆದು ಮುಗಿಸಿದಾಗ ಕೈ ಮರಳಿ ಪಡೆದನಂತೆ. ಚರಿತ್ರೆಯ ಪುರಾವೆ ಕೇಳುವ ಕತೆಯಲ್ಲ ಇದು. ಅಹಂಕಾರದಿಂದ ಕಳೆದುಕೊಂಡದ್ದು ಅರ್ಪಣೆಯಿಂದ ಮರಳುತ್ತದೆ ಎಂಬ ತಿಳಿವನ್ನು ಜನ ಕಲ್ಲಿನ ಪಕ್ಕದಲ್ಲಿ ಇಟ್ಟಿದ್ದಾರೆ.

ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಈ ವ್ಯವಸ್ಥೆಯನ್ನೇ ಪ್ರಶ್ನಿಸಿದರು. ಉಳ್ಳವರು ಕಟ್ಟಿಸಿದ ಗುಡಿ ಇಲ್ಲದವರಿಗೆ ಮುಚ್ಚಿದ್ದರೆ, ಒಡಲನ್ನೇ ಗುಡಿ ಮಾಡಿಕೊಂಡು ಅಂಗೈಯಲ್ಲಿ ಇಷ್ಟಲಿಂಗ ಹಿಡಿಯಬಹುದೆಂದು ಅವರು ತೋರಿದರು. ಆ ಪರಂಪರೆ ಕುಣಿಗಲ್ ಸೀಮೆಯಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಮೂಲಕ ಮರುಜೀವ ಪಡೆಯಿತು. ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ಕೊಟ್ಟ ಅವರ ಗದ್ದುಗೆಯೇ ಇಂದಿನ ಯಡಿಯೂರು ಕ್ಷೇತ್ರ. ಗುಬ್ಬಿಯಲ್ಲಿ ಅದೇ ಪರಂಪರೆಯ ಗೋಸಲ ಚನ್ನಬಸವೇಶ್ವರರ ಸನ್ನಿಧಿ ಬೆಳೆಯಿತು. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಆ ಹೆಸರನ್ನೇ ಹೊತ್ತು ನಾಡು ಸುತ್ತಿತು. ಗುಡಿ ಬೇಡವೆಂದವರ ಹಾದಿಯಲ್ಲೂ ಗುಡಿ ಎದ್ದಿತೆಂದು ಕೆಲವರು ಆಕ್ಷೇಪಿಸುತ್ತಾರೆ. ನನಗೆ ಕಾಣುವುದು ಬೇರೆ: ಗದ್ದುಗೆಯ ಜೊತೆಗೆ ದಾಸೋಹವೂ ಬಂತು, ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಪೂಜೆಯ ನಡುಭಾಗಕ್ಕೆ ಬಂತು.

ಹದಿನೆಂಟನೆಯ ಶತಮಾನದ ಕೊನೆಗೆ ಸೀಬಿಯ ನರಸಿಂಹ ದೇಗುಲವನ್ನು ಅಧಿಕಾರದಲ್ಲಿದ್ದ ಅಣ್ಣತಮ್ಮಂದಿರು ಕಟ್ಟಿಸಿದರು. ಅದರ ಮಂಟಪದ ಭಿತ್ತಿಚಿತ್ರಗಳಲ್ಲಿ ಪುರಾಣದ ಪ್ರಸಂಗಗಳ ಜೊತೆ ಹೈದರಾಲಿಯ ದರ್ಬಾರೂ ಇದೆ. ಅಕ್ಷರ ಬಾರದವರೂ ತಲೆಯೆತ್ತಿ ರಾಮಾಯಣ ಓದಬಹುದಾಗಿತ್ತು. ಗೂಳೂರಿನ ಜನರಿಗೆ ಅಂಥ ಸಿರಿವಂತರ ಹಂಗೂ ಬೇಕಾಗಲಿಲ್ಲ. ಕೆರೆಯ ಮಣ್ಣಿನಿಂದ ಬೃಹತ್ ಗಣಪನನ್ನು ಮಾಡಿ, ಕಾರ್ತಿಕವಿಡೀ ಪೂಜಿಸಿ, ಮತ್ತೆ ಕೆರೆಗೇ ಬಿಡುತ್ತಾರೆ. ವಾರಗಟ್ಟಲೆ ದುಡಿದು ಮಾಡಿದ್ದನ್ನು ಕೈಯಾರೆ ಕರಗಿಸುವ ಈ ಆಚರಣೆಗಿಂತ ದೊಡ್ಡ ವೈರಾಗ್ಯಪಾಠವನ್ನು ಯಾವ ಗರ್ಭಗುಡಿ ಹೇಳೀತು?

ಆಧುನಿಕ ಕಾಲ ತಂದ ದೊಡ್ಡ ಬದಲಾವಣೆ ಬಾಗಿಲಿನದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆಯಿತು. 25ನೇ ವಿಧಿ ಸಾರ್ವಜನಿಕ ಹಿಂದೂ ದೇಗುಲಗಳನ್ನು ಎಲ್ಲ ವರ್ಗದ ಹಿಂದೂಗಳಿಗೆ ತೆರೆಯಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಶರಣರು ಕೇಳಿದ್ದರ ಒಂದು ಪಾಲು ಕಾನೂನಾಯಿತು. ಕರ್ನಾಟಕದ 1997ರ ಧಾರ್ಮಿಕ ಸಂಸ್ಥೆಗಳ ಕಾಯ್ದೆಯಡಿ ಮುಜರಾಯಿ ದೇಗುಲಗಳು ಆದಾಯದ ಮೇಲೆ ಎ, ಬಿ, ಸಿ ಎಂದು ವಿಂಗಡಣೆಯಾದವು. ಆಡಳಿತಕ್ಕೆ ಆ ಲೆಕ್ಕ ಬೇಕು. ಆದರೆ ಹುಂಡಿ ತುಂಬಿದ ಗುಡಿ ಮೇಲು, ಸರ್ಕಾರದ ತಸ್ತೀಕು ಹಣ ನೆಚ್ಚಿಕೊಂಡ ಹಳ್ಳಿಯ ಗುಡಿ ಕೀಳು ಎಂದು ಭಕ್ತರ ಮನಸ್ಸೂ ವಿಂಗಡಿಸತೊಡಗಿದರೆ ಅದು ನಷ್ಟ.

ಇದೇ ಕಾಲದಲ್ಲಿ ಕ್ಯಾತ್ಸಂದ್ರದ ಸಿದ್ಧಗಂಗಾ ಮಠ ಹಳೆಯ ಪ್ರಶ್ನೆಗೆ ಹೊಸ ಉತ್ತರ ಕೊಟ್ಟಿತು. 1907ರಿಂದ 2019ರವರೆಗೆ ಬಾಳಿದ ಶಿವಕುಮಾರ ಸ್ವಾಮೀಜಿ ಅನ್ನ, ಅಕ್ಷರ, ಆಶ್ರಯಗಳನ್ನೇ ತ್ರಿವಿಧ ದಾಸೋಹವಾಗಿ ನಡೆಸಿದರು. ಜಾತಿ ಮತ ನೋಡದೆ ಸಾವಿರಾರು ಬಡ ಮಕ್ಕಳು ಅಲ್ಲಿ ಒಟ್ಟಿಗೆ ಪ್ರಾರ್ಥಿಸಿ, ಒಟ್ಟಿಗೆ ಉಂಡು, ಓದಿ ಮುಂದೆ ಹೋದರು. ಶಾಸನಗಳ ಆಹಾರದಾನವೂ ಶರಣರ ಕಾಯಕವೂ ಸಂವಿಧಾನದ ಸಮಾನತೆಯೂ ಆ ಒಂದು ಪಂಕ್ತಿಯಲ್ಲಿ ಕೂಡಿದವು.

ಈಗ ಹೊಸ ಬಡಾವಣೆಗಳಲ್ಲೂ ಗುಡಿಗಳು ಏಳುತ್ತಿವೆ. ಕೆಲಸದ ಒತ್ತಡದಲ್ಲಿರುವ ಜನಕ್ಕೆ ಸಂಜೆಯ ಮಂಗಳಾರತಿಯ ಹತ್ತು ನಿಮಿಷವೂ ದೊಡ್ಡ ಆಸರೆ. ಅದನ್ನು ಹಗುರವಾಗಿ ಕಾಣಬಾರದು. ದೊಡ್ಡ ಕ್ಷೇತ್ರಗಳ ವಿಶೇಷ ದರ್ಶನದ ಚೀಟಿ ಮಾತ್ರ ನನ್ನನ್ನು ನೋಯಿಸುತ್ತದೆ. ದೇವರ ಎದುರೂ ಹಣವಂತನೇ ಮುಂದೆ ನಿಲ್ಲುವುದಾದರೆ ಸಂವಿಧಾನ ತೆರೆದ ಬಾಗಿಲು ಮತ್ತೆ ಕಿರಿದಾಗುತ್ತದೆ. ಗೋಪುರಕ್ಕೆ ಹಣ ಕೂಡಿಸುವ ಸಮಿತಿ ಅದರ ಒಂದು ಪಾಲನ್ನು ಊರಿನ ಹಳೆಯ ಗುಡಿಯ ದೀಪಕ್ಕೆ, ಇನ್ನೊಂದು ಪಾಲನ್ನು ಓದುವ ಮಗುವಿನ ಊಟಕ್ಕೆ ತೆಗೆದಿಡಲಿ. ಬೇಡಿಕೆ ಹೊತ್ತು ಬರುವವರು ಬರುತ್ತಲೇ ಇರುತ್ತಾರೆ. ಅವರು ಕೊಡುವವರಾಗಿ ಹೊರಹೋಗುತ್ತಿರುವ ತನಕ ದೇಗುಲ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ.