ಸ್ವಯಂನಿರ್ಮಿತ ಲಘುವಿಮಾನ

ಹವ್ಯಾಸಿಗಳು ನಕ್ಷೆಯನ್ನೋ ಬಿಡಿಭಾಗಗಳ ಕಿಟ್ಟನ್ನೋ ಕೊಂಡು ತಾವೇ ಕಟ್ಟಿ ಹಾರಿಸುವ ಚಿಕ್ಕ ವಿಮಾನ. ಒಬ್ಬರು, ಹೆಚ್ಚೆಂದರೆ ಇಬ್ಬರು ಕೂರುವಂಥವೇ ಅಧಿಕ. ಪ್ಯಾರಿಸ್‌ನಲ್ಲಿ ನೆಲೆಸಿದ್ದ ಬ್ರೆಜಿಲ್‌ನ ಸಾಂಟೋಸ್ ಡ್ಯೂಮಾಂಟ್ 1907ರಲ್ಲಿ ಬಿದಿರು ಬಳಸಿ ಕಟ್ಟಿದ ಏಕಾಸನದ 'ಡೆಮೊಯಿಸೆಲ್' ಇವುಗಳ ಹಿರಿಯಕ್ಕ. ಅದಕ್ಕೆ ಆತ ಪೇಟೆಂಟ್ ಪಡೆಯಲಿಲ್ಲ. ಬೇಕಾದವರು ಕಟ್ಟಿಕೊಳ್ಳಲೆಂದು ನಕ್ಷೆಯನ್ನು ಬಿಟ್ಟುಕೊಟ್ಟ.

ಈ ಹವ್ಯಾಸದ ಹುಚ್ಚು ಹಿಡಿಸಿದ್ದು ಫ್ರಾನ್ಸ್‌ನ ಆನ್ರಿ ಮಿನ್ಯೆ. 1933ರಲ್ಲಿ ಹಾರಿದ ಆತನ ಎಚ್‌ಎಂ-14ಕ್ಕೆ ಒಂದೇ ಆಸನ, ಮೋಟಾರ್‌ಸೈಕಲ್ ಎಂಜಿನ್, ಹಿಂದೆ ಮುಂದೆ ಎರಡು ರೆಕ್ಕೆ. ಕಟ್ಟುವ ಬಗೆಯನ್ನು ಆತ ಪುಸ್ತಕವಾಗಿಯೂ ಬರೆದ. ಓದಿದವರು ಗರಗಸ ಹಿಡಿದರು, ಕಟ್ಟಿ ಹಾರಿಸಿ ಕೆಲವರು ಸತ್ತರು. ದೋಷವಿದ್ದದ್ದು ರೆಕ್ಕೆಗಳ ನಡುವಿನ ಸಂದಿನಲ್ಲಿ. ಮೂತಿ ಕೆಳಗಾದಾಗ ಚಾಲಕ ನಿಯಂತ್ರಣದ ಕೋಲನ್ನು ಹಿಂದಕ್ಕೆಳೆದರೆ ಮುಂದಿನ ರೆಕ್ಕೆ ವಾಲಿ ಸಂದು ಕಿರಿದಾಗುತ್ತಿತ್ತು. ಹಿಂದಿನ ರೆಕ್ಕೆಯ ಎತ್ತುವ ಬಲ ಹೆಚ್ಚಿ ಮೂತಿ ಮತ್ತಷ್ಟು ಕೆಳಗಿಳಿಯುತ್ತಿತ್ತು. ಬದುಕಲೆಂದು ಮಾಡಿದ್ದೇ ಮುಳುವಾಗುತ್ತಿತ್ತೆನ್ನಬೇಕು. ಗಾಳಿಸುರಂಗದ ಪರೀಕ್ಷೆಗಳಲ್ಲಿ ಇದು ಖಚಿತವಾಯಿತು.

ಅಮೆರಿಕದಲ್ಲಿ ಪಾಲ್ ಪೊಬೆರೆಜ್ನಿ 1953ರಲ್ಲಿ ಹವ್ಯಾಸಿಗಳ ಸಂಘ ಕಟ್ಟಿದರು. ಅಲ್ಲಿನ ವಿನ್ಯಾಸಕ ಬರ್ಟ್ ರೂಟಾನ್ ಅಚ್ಚಿನ ಹಂಗಿಲ್ಲದೆ, ಫೋಮ್ ಕೊಯ್ದು ಮೇಲೆ ಗಾಜಿನಾರು ಹೊದಿಸುವ ದಾರಿ ತೋರಿಸಿದರು. ಅವರ 'ಲಾಂಗ್-ಈಜಿ' (1979) ಇಬ್ಬರದು; ಅದರ ಕಿರುರೆಕ್ಕೆ ಮೂತಿಯ ಬಳಿ ಇದೆ. ವೇಗ ತೀರ ತಗ್ಗಿದರೆ ಮೊದಲು ಸೋಲುವುದು ಈ ಕಿರುರೆಕ್ಕೆ. ಆಗ ಮೂತಿ ತಾನಾಗಿ ಇಳಿದು ವೇಗ ಮರಳುತ್ತದೆ.

ಕರ್ನಾಟಕದಲ್ಲಿ ಈ ವಿದ್ಯೆಯನ್ನು ಬೆಳೆಸಿದ್ದು ಹಿತ್ತಲಿನ ಶೆಡ್ಡಿಗಿಂತ ಹೆಚ್ಚಾಗಿ ಸರ್ಕಾರಿ ಪ್ರಯೋಗಾಲಯ. ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ಲಾಂಗ್-ಈಜಿಯನ್ನು ಆಧರಿಸಿ ಕಟ್ಟಿದ 'ಎಲ್‌ಸಿಆರ್‌ಎ' 1987ರಲ್ಲಿ ಹಾರಿತು. ಲಘುವಿಮಾನದ ಈ ಕೆಲಸಕ್ಕೆ ಬೆನ್ನೆಲುಬಾಗಿದ್ದವರು ರುಸ್ತುಂ ದಮಾನಿಯಾ. ಗಾಜಿನಾರಿನಲ್ಲಿ ಪಳಗಿದ ಸಂಸ್ಥೆ ಮುಂದೆ ತರಬೇತಿ ವಿಮಾನ 'ಹಂಸ'ವನ್ನು ರೂಪಿಸಿತು: 1993ರಲ್ಲಿ ಮೊದಲ ಹಾರಾಟ, 2000ದಲ್ಲಿ ಪ್ರಮಾಣಪತ್ರ. ಎಲ್‌ಸಿಆರ್‌ಎ ವಿನ್ಯಾಸದಿಂದಲೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಪೈಲಟ್‌ರಹಿತ ವಿಮಾನವೊಂದನ್ನು ತಯಾರಿಸಿ, ದಮಾನಿಯಾ ನೆನಪಿಗೆ 'ರುಸ್ತುಂ' ಎಂದು ಹೆಸರಿಟ್ಟಿತು. ಸ್ವತಃ ಕೂತು ಹಾರುವ ಆಸೆಗೆ ಹುಟ್ಟಿದ ವಿನ್ಯಾಸದಲ್ಲಿ ಕೂರುವವನೇ ಇಲ್ಲವಾದ!

ಕಿಟ್ ವ್ಯಾಪಾರವೂ ಇಲ್ಲಿಗೆ ಹೊಸದಲ್ಲ. ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ಕೊಳವೆ ಚೌಕಟ್ಟು, ಬಟ್ಟೆ ಹೊದಿಕೆಯ 'ಎಕ್ಸ್-ಏರ್' ಕಿಟ್‌ಗಳನ್ನು ಬ್ರಿಟನ್, ಫ್ರಾನ್ಸ್‌ಗಳಿಗೂ ಮಾರಿದೆ. ಜೋಡಿಸಿ ಹಾರಿಸಿದವರು ಅಲ್ಲಿನ ಹವ್ಯಾಸಿಗಳು.